ಬಂದೂಕು ಪರವಾನಗಿದಾರರಿಗೆ ಎರಡು ಆಯುಧಗಳ ಮಿತಿ: ಸಾರ್ವಜನಿಕರ ಮಾಹಿತಿಗಾಗಿ

ಪರವಾನಗಿ ಪುಸ್ತಕದಲ್ಲಿ ನಮೂದಾಗಿರುವ ಬಂದೂಕುಗಳನ್ನೆಲ್ಲ ಇಟ್ಟುಕೊಳ್ಳಲು ಹಕ್ಕಿದೆಯೆಂದು ಪರವಾನಗಿದಾರರು ಭಾವಿಸುವುದು ಸಹಜ. ಆದರೆ ಆಯುಧ (ತಿದ್ದುಪಡಿ) ಅಧಿನಿಯಮ, 2019 ಜಾರಿಗೆ ಬಂದ ನಂತರ ಈ ಭಾವನೆ ಸರಿಯಲ್ಲ. ಈ ಬಗ್ಗೆ ಪರವಾನಗಿದಾರರು ಹಾಗೂ ಅವರ ವಾರಸುದಾರರು ತಿಳಿದಿರಬೇಕಾದ ಅಂಶಗಳನ್ನು ಕೆಳಗೆ ವಿವರಿಸಲಾಗಿದೆ.

1. ಬದಲಾವಣೆ ಏನು?

ಆಯುಧ ಅಧಿನಿಯಮ, 1959ಕ್ಕೆ 1983ರಲ್ಲಿ ಮಾಡಲಾದ ತಿದ್ದುಪಡಿಯಂತೆ ಒಬ್ಬ ವ್ಯಕ್ತಿ ಗರಿಷ್ಠ ಮೂರು ಬಂದೂಕುಗಳನ್ನು ಹೊಂದಬಹುದಾಗಿತ್ತು. 2019ರ ನವೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಲಾದ ಮಸೂದೆಯು ಈ ಮಿತಿಯನ್ನು ಒಂದಕ್ಕೆ ಇಳಿಸಲು ಉದ್ದೇಶಿಸಿತ್ತು. ಆಕ್ಷೇಪಣೆಗಳ ನಂತರ ಎರಡು ಎಂದು ನಿಗದಿಪಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಮಸೂದೆಗೆ ಅಂಗೀಕಾರ ನೀಡಿತು. ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಹೆಚ್ಚಿಸಲಾಯಿತು.

ಎಣಿಕೆಯು ವ್ಯಕ್ತಿಗೆ ಸಂಬಂಧಿಸಿದ್ದು, ಆಯುಧದ ಬಗೆಗೆ ಅಲ್ಲ. ಪಿಸ್ತೂಲು, ರೈಫಲ್, ಹಳೆಯ ಕೇಪಿನ ಕೋವಿ ಇವೆಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತವೆ.

2. ಮೂರನೆಯ ಬಂದೂಕು ಹೊಂದಿರುವವರು ಏನು ಮಾಡಬೇಕು?

ಉಳಿಸಿಕೊಳ್ಳುವ ಎರಡನ್ನು ಆಯ್ಕೆ ಮಾಡಿಕೊಳ್ಳುವ ಅವಕಾಶವನ್ನು ಪರವಾನಗಿದಾರರಿಗೇ ನೀಡಲಾಗಿತ್ತು. ಹೆಚ್ಚುವರಿ ಬಂದೂಕನ್ನು ಒಂದು ವರ್ಷದೊಳಗೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯ ಬಳಿ ಠೇವಣಿ ಇಡಬೇಕಾಗಿತ್ತು. ಈ ಕಾಲಾವಕಾಶವು 2020ರ ಡಿಸೆಂಬರ್‌ನಲ್ಲಿ ಮುಕ್ತಾಯಗೊಂಡಿದೆ.

ಇನ್ನೂ ಹೆಚ್ಚುವರಿ ಬಂದೂಕು ಮನೆಯಲ್ಲಿ ಉಳಿದಿದ್ದಲ್ಲಿ, ಪುಸ್ತಕದಲ್ಲಿನ ಹಳೆಯ ನಮೂದು ರಕ್ಷಣೆ ನೀಡುವುದಿಲ್ಲ. ಅದನ್ನು ಇಟ್ಟುಕೊಳ್ಳುವುದು ಕಾರಾಗೃಹವಾಸಕ್ಕೆ ಗುರಿಪಡಿಸಬಹುದಾದ ಅಪರಾಧ. ಮಾಹಿತಿ ನೀಡದೆ ಅದನ್ನು ಬೇರೆಯವರಿಗೆ ಕೊಡುವುದಾಗಲಿ, ನಾಶಪಡಿಸುವುದಾಗಲಿ ಪರಿಹಾರವಲ್ಲ. ವಿಳಂಬ ಮಾಡದೆ ಠೇವಣಿ ಇಟ್ಟು ರಸೀದಿ ಪಡೆದು, ಪರವಾನಗಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸುವುದು ಸೂಕ್ತ.

ಠೇವಣಿ ಇಟ್ಟ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ. ನಿಗದಿತ ಅವಧಿಯೊಳಗೆ ಆ ಬಂದೂಕನ್ನು ಅರ್ಹ ಪರವಾನಗಿದಾರರಿಗೆ ಮಾರಿ ಹಣ ಪಡೆಯಬಹುದು. ಅವಧಿ ಮೀರಿದಲ್ಲಿ ಜಿಲ್ಲಾ ದಂಡಾಧಿಕಾರಿಗಳ ಆದೇಶದ ಮೂಲಕ ಅದನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದಾಗಿದೆ.

3. ವಾರಸುದಾರರ ಗಮನಕ್ಕೆ

ಪರವಾನಗಿದಾರರು ಮರಣ ಹೊಂದಿದಾಗ ಅವರ ಪರವಾನಗಿಯು ಕುಟುಂಬಕ್ಕೆ ತಾನಾಗಿ ವರ್ಗವಾಗುವುದಿಲ್ಲ. ತಂದೆಯ ಕೋವಿಯನ್ನು ನೆನಪಿಗಾಗಿ ಗೋಡೆಯ ಮೇಲೆ ತೂಗುಹಾಕಿದ ಮಗನೂ ಕಾನೂನಿನ ದೃಷ್ಟಿಯಲ್ಲಿ ಪರವಾನಗಿ ಇಲ್ಲದೆ ಆಯುಧ ಹೊಂದಿದವನೇ ಆಗುತ್ತಾನೆ. ಆದುದರಿಂದ ಆಯುಧವನ್ನು ಮೊದಲು ಠೇವಣಿ ಇಟ್ಟು, ನಂತರ ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಸಲ್ಲಿಸತಕ್ಕದ್ದು.

ವಂಶಪಾರಂಪರ್ಯವಾಗಿ ಬಂದ ಆಯುಧಗಳಿಗೂ ಎರಡರ ಮಿತಿ ಅನ್ವಯಿಸುತ್ತದೆ. ಉದಾಹರಣೆಗೆ, ಬೆಳೆ ರಕ್ಷಣೆಗಾಗಿ ಈಗಾಗಲೇ ಒಂದು ಬಂದೂಕು ಹೊಂದಿರುವ ಕೃಷಿಕರಿಗೆ ತಂದೆಯ ಎರಡು ಬಂದೂಕುಗಳು ಬಂದಲ್ಲಿ, ಅವುಗಳಲ್ಲಿ ಒಂದನ್ನು ಮಾತ್ರ ಪಡೆಯಬಹುದು. ಇನ್ನೊಂದಕ್ಕೆ ಅರ್ಹರಾದ ಮತ್ತೊಬ್ಬ ವಾರಸುದಾರರು ಅರ್ಜಿ ಸಲ್ಲಿಸಬಹುದು.

ಆಯುಧ ನಿಯಮಗಳು, 2016ರಂತೆ, 70 ವರ್ಷ ತುಂಬಿದ ಅಥವಾ 25 ವರ್ಷ ಕಾಲ ಬಂದೂಕು ಹೊಂದಿರುವ ಪರವಾನಗಿದಾರರು ತಾವು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ಹೀಗೆ ಮಾಡಿದಲ್ಲಿ ಮುಂದೆ ಕುಟುಂಬಕ್ಕೆ ಆಗಬಹುದಾದ ತೊಂದರೆ ತಪ್ಪುತ್ತದೆ.

4. ವಿನಾಯಿತಿಗಳು

ಆಯುಧ ವ್ಯಾಪಾರಿಗಳಿಗೆ, ಹಾಗೂ ಗುರಿ ಅಭ್ಯಾಸಕ್ಕೆ .22 ರೈಫಲ್ ಅಥವಾ ಏರ್ ರೈಫಲ್ ಬಳಸುವ ಮಾನ್ಯತೆ ಪಡೆದ ರೈಫಲ್ ಕ್ಲಬ್‌ಗಳ ಸದಸ್ಯರಿಗೆ ಈ ಮಿತಿ ಅನ್ವಯಿಸುವುದಿಲ್ಲ.

ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಲಾಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ, 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಇದನ್ನು ಎತ್ತಿಹಿಡಿದಿದೆ.

5. ಸಂಭ್ರಮದ ಗುಂಡು

ಮದುವೆ, ಉತ್ಸವ ಮುಂತಾದ ಸಂದರ್ಭಗಳಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದಲ್ಲಿ ಎರಡು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಪರವಾನಗಿ ಇದ್ದರೂ ಈ ಹೊಣೆ ತಪ್ಪುವುದಿಲ್ಲ.

ಪರವಾನಗಿದಾರರು ತಮ್ಮ ಪುಸ್ತಕವನ್ನು ಇಂದೇ ಪರಿಶೀಲಿಸಿ, ಸಂದೇಹವಿದ್ದಲ್ಲಿ ಪರವಾನಗಿ ಪ್ರಾಧಿಕಾರದ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.