ಗೋಡೆಗೊಂದು ಬೀದಿಯ ಕಿಟಕಿ

ಮನೆಯ ಗೋಡೆಯ ಮೇಲೆ ಯಾವ ಚಿತ್ರವಿರಬೇಕೆಂಬ ಪ್ರಶ್ನೆ ನಮ್ಮ ಹಿರಿಯರನ್ನು ಅಷ್ಟಾಗಿ ಕಾಡಿದ್ದಿಲ್ಲ. ಗುರುಗಳ ಭಾವಚಿತ್ರ, ಅಗಲಿದ ಅಜ್ಜ-ಅಜ್ಜಿಯರ ಪಟ, ಪರಿಚಯದ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಇವಿಷ್ಟರಿಂದಲೇ ಪಡಸಾಲೆ ತುಂಬುತ್ತಿತ್ತು. ಅವುಗಳಲ್ಲಿ ಯಾವುದೂ ಕೇವಲ ಅಲಂಕಾರಕ್ಕೆಂದು ಬಂದದ್ದಲ್ಲ. ಒಂದೊಂದಕ್ಕೂ ಮನೆಯೊಡನೆ ಸಂಬಂಧವಿತ್ತು. ಇಂದು ನಗರಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಗೋಡೆ ದೊಡ್ಡದು, ಆದರೆ ಬರಿದು. ಸೋಫಾದ ಬಟ್ಟೆಗೆ ಹೊಂದುವ ಬಣ್ಣದ ಚಿತ್ರವೊಂದನ್ನು ತಂದು ಮೊಳೆ ಹೊಡೆದು ತೂಗುಹಾಕಿದರೆ ಕೆಲಸ ಮುಗಿಯಿತೆಂಬ ಭಾವನೆ ಬೆಳೆಯುತ್ತಿದೆ. ಹಾಗೆ ಬರುವ ಚಿತ್ರಗಳಲ್ಲಿ ಮಳೆಯಲ್ಲಿ ನೆನೆದ ಬೀದಿ, ಕೊಡೆ ಹಿಡಿದ ದಂಪತಿಗಳು, ಸಾಲುಮರ, ಕುದುರೆಗಾಡಿ, ದೀಪದ ಕಂಬಗಳಿರುವ ಪ್ಯಾರಿಸ್ ನಗರದ ದೃಶ್ಯಗಳು ಬಹಳ. ಇವುಗಳ ಮೂಲವನ್ನು ಬರೆದವರು ಯಾರು, ನಮ್ಮ ಗೋಡೆಯ ಮೇಲೆ ಇವು ಹೇಗಿದ್ದರೆ ಅರ್ಥಪೂರ್ಣವಾಗಿ ಬಾಳುತ್ತವೆ ಎಂಬುದನ್ನು ಓದುಗ ಬಂಧುಗಳೊಡನೆ ಆಲೋಚಿಸಲು ಬಯಸುತ್ತೇವೆ.

ಆ ಚಿತ್ರಗಳಲ್ಲಿ ಕಾಣುವ ಪ್ಯಾರಿಸ್ ಬಹು ಪುರಾತನವಾದುದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಚಿತ್ರಕಾರರ ಕಾಲಕ್ಕೆ ಅದು ಹೊಚ್ಚಹೊಸ ನಗರ. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ, 1853ರಿಂದ 1870ರವರೆಗೆ, ಓಸ್‌ಮಾನ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹಳೆಯ ಇಕ್ಕಟ್ಟಾದ ಓಣಿಗಳನ್ನು ಕೆಡವಿ ನೇರವಾದ ರಾಜಬೀದಿಗಳನ್ನು ನಿರ್ಮಿಸಲಾಯಿತು. ನೆಲದಡಿಯಲ್ಲಿ ಚರಂಡಿ ಬಂದಿತು, ಅನಿಲದ ದೀಪಗಳು ಬೆಳಗಿದವು, ಬೀದಿಯ ಇಕ್ಕೆಲಗಳಲ್ಲಿ ಮರಗಳು ಎದ್ದವು. ಸಾವಿರಾರು ಮನೆಗಳು ಉರುಳಿದವು. ಅವುಗಳಲ್ಲಿ ವಾಸವಿದ್ದ ಬಡವರು ಊರ ಅಂಚಿಗೆ ಸರಿಯಬೇಕಾಯಿತು. ರಸ್ತೆ ಅಗಲೀಕರಣವನ್ನು ಕಣ್ಣಾರೆ ಕಂಡ ನಮ್ಮ ಊರುಗಳ ಜನರಿಗೆ ಇದರ ಸುಖವನ್ನೂ ಸಂಕಟವನ್ನೂ ವಿವರಿಸಬೇಕಾಗಿಲ್ಲ.

ಈ ಹೊಸ ಬೀದಿಗಳನ್ನೂ ಅವುಗಳ ಮೇಲೆ ಕ್ಷಣಕ್ಷಣಕ್ಕೆ ಬದಲಾಗುವ ಬೆಳಕನ್ನೂ ಹಿಡಿಯಲು ಹೊರಟ ಕೆಲವು ಕಲಾವಿದರು 1874ರ ಏಪ್ರಿಲ್ 15ರಂದು ತಮ್ಮದೇ ಖರ್ಚಿನಲ್ಲಿ ಒಂದು ಪ್ರದರ್ಶನವನ್ನು ತೆರೆದರು. ಬುಲ್ವಾರ್ ದೆ ಕಾಪ್ಯುಸಿನ್ ಎಂಬ ರಾಜಬೀದಿಯಲ್ಲಿ ನಾದಾರ್ ಎಂಬ ಛಾಯಾಗ್ರಾಹಕರು ತೆರವು ಮಾಡಿದ್ದ ಸ್ಟುಡಿಯೋ ಅದಕ್ಕೆ ಒದಗಿತು. ಅಲ್ಲಿ ಕ್ಲೋಡ್ ಮೊನೆ ಅದೇ ಬೀದಿಯ ಜನಜಂಗುಳಿಯನ್ನು ಮೇಲಿನಿಂದ ನೋಡಿದಂತೆ ಬರೆದ ಚಿತ್ರವೂ ಇತ್ತು. ಲೂಯಿ ಲರುವಾ ಎಂಬ ಪತ್ರಕರ್ತರು ಅದನ್ನು ಗೇಲಿ ಮಾಡಿ, ಬೀದಿಯಲ್ಲಿ ನಡೆಯುವಾಗ ತಾನೂ ಈ ಕರಿಯ ಬೊಟ್ಟುಗಳಂತೆಯೇ ಕಾಣುತ್ತೇನೆಯೇ ಎಂದು ಕಲ್ಪಿತ ಪ್ರೇಕ್ಷಕನೊಬ್ಬನ ಬಾಯಿಂದ ಕೇಳಿಸಿದರು. ಮೊನೆಯವರ ಮತ್ತೊಂದು ಚಿತ್ರದ ಹೆಸರನ್ನೇ ಹಿಡಿದು ‘ಇಂಪ್ರೆಷನಿಸ್ಟರು’ ಎಂದು ಅಣಕಿಸಿದವರೂ ಅವರೇ. ಅಣಕದ ಹೆಸರೇ ಪಂಥದ ಹೆಸರಾಗಿ ನಿಂತಿತು.

ಆ ಪತ್ರಕರ್ತರ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಹತ್ತಿರ ನಿಂತು ನೋಡಿದರೆ ಅವು ಬೊಟ್ಟುಗಳೇ ಸರಿ. ನಾಲ್ಕು ಹೆಜ್ಜೆ ಹಿಂದೆ ಸರಿದಾಗ ಬೊಟ್ಟುಗಳು ಮನುಷ್ಯರಾಗುತ್ತವೆ, ಬೂದು ಬಣ್ಣ ಒದ್ದೆ ನೆಲವಾಗುತ್ತದೆ. ಆದ್ದರಿಂದ ಇಂತಹ ಚಿತ್ರವನ್ನು ತೂಗುಹಾಕಲು ಇಕ್ಕಟ್ಟಾದ ಓಡಾಟದ ಜಾಗ ತಕ್ಕುದಲ್ಲ. ಎದುರಿಗೆ ಏಳೆಂಟು ಅಡಿ ತೆರಪಿರುವ ಗೋಡೆ ಬೇಕು.

ನಗರದ ಬೀದಿಯನ್ನು ಬರೆದವರಲ್ಲಿ ನಮ್ಮ ಮನೆಗಳಿಗೆ ಅತ್ಯಂತ ಹತ್ತಿರದವರು ಕಮೀಲ್ ಪಿಸಾರೋ ಎಂದು ನಮ್ಮ ಅಭಿಪ್ರಾಯ. 1830ರಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದಲ್ಲಿ ಜನಿಸಿದ ಅವರು ದೊಡ್ಡ ಸಂಸಾರವನ್ನು ಹೊತ್ತು ಬಡತನದಲ್ಲಿಯೇ ಬಹುಕಾಲ ಕಳೆದರು. 1870ರ ಯುದ್ಧದಲ್ಲಿ ಪ್ರಷ್ಯದ ಸೈನಿಕರು ಅವರ ಮನೆಯನ್ನು ಆಕ್ರಮಿಸಿದಾಗ ಅದುವರೆಗೆ ಬರೆದಿದ್ದ ಚಿತ್ರಗಳಲ್ಲಿ ಬಹುಪಾಲು ಹಾಳಾದವು. ಆದರೂ ಆ ಬಳಗ 1874ರಿಂದ 1886ರವರೆಗೆ ನಡೆಸಿದ ಎಂಟು ಪ್ರದರ್ಶನಗಳಲ್ಲಿ ಒಂದನ್ನೂ ಬಿಡದೆ ಭಾಗವಹಿಸಿದವರು ಅವರೊಬ್ಬರೇ. ಹೊಲ, ತೋಟ, ಹಳ್ಳಿಯ ದಾರಿಗಳಲ್ಲಿ ಚಿತ್ರಫಲಕವನ್ನು ಹೂಡಿ ಬರೆಯುವುದು ಅವರ ಜೀವವಾಗಿತ್ತು.

ಮುಪ್ಪಿನಲ್ಲಿ ಅವರ ಕಣ್ಣಿಗೆ ತೊಂದರೆ ಬಂದಿತು. ಕಣ್ಣೀರಿನ ನಾಳದಲ್ಲಿ ಸೋಂಕು ಮತ್ತೆ ಮತ್ತೆ ಮರುಕಳಿಸಿ, ಗಾಳಿಗೂ ದೂಳಿಗೂ ಕಣ್ಣೊಡ್ಡದಂತಾಯಿತು. ಬಯಲಿನ ಚಿತ್ರಕಾರರಿಗೆ ಇದಕ್ಕಿಂತ ದೊಡ್ಡ ಆಘಾತ ಯಾವುದು? ಅವರು ಕುಂಚವನ್ನು ಕೆಳಗಿಡಲಿಲ್ಲ, ಕಿಟಕಿಯ ಬಳಿಗೆ ಬಂದರು. 1897ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಓತೆಲ್ ದ ರುಸಿ ಎಂಬ ವಸತಿಗೃಹದಲ್ಲಿ ಕೊಠಡಿ ಹಿಡಿದು, ಕೆಳಗೆ ಹರಿದಿದ್ದ ಬುಲ್ವಾರ್ ಮೊಂಮಾರ್ತ್ರ್ ಎಂಬ ಒಂದೇ ಬೀದಿಯನ್ನು ಹದಿನಾಲ್ಕು ಬಾರಿ ಬರೆದರು. ಚಳಿಗಾಲದ ಮುಂಜಾವು, ಮಂಜು, ಮಳೆ, ಮಧ್ಯಾಹ್ನದ ಬಿಸಿಲು, ವಸಂತದಲ್ಲಿ ಹಸಿರೇರಿದ ಮರಗಳು, ಹಬ್ಬದ ಮೆರವಣಿಗೆ ಹೀಗೆ ಬೀದಿ ಅದೇ ಆಗಿದ್ದು ದಿನ ಮಾತ್ರ ಬೇರೆಯಾಗುತ್ತದೆ. ಮರುವರ್ಷ ಮತ್ತೊಂದು ವಸತಿಗೃಹದ ಕಿಟಕಿಯಿಂದ ಒಪೇರಾ ಬೀದಿಯನ್ನು ಬರೆದರು. 1903ರಲ್ಲಿ ತೀರಿಕೊಳ್ಳುವವರೆಗೂ ಕಿಟಕಿಯ ಈ ಕಾಯಕ ನಡೆಯಿತು.

ಮೊಣಕಾಲು ನೋವಿನಿಂದಲೋ ಕಣ್ಣಿನ ಶಸ್ತ್ರಚಿಕಿತ್ಸೆಯಿಂದಲೋ ಮೆಟ್ಟಿಲಿಳಿಯಲಾರದ ಹಿರಿಯರು ನಮ್ಮ ಎಷ್ಟು ಮನೆಗಳಲ್ಲಿಲ್ಲ! ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಮಾತನಾಡಿಸುತ್ತಿದ್ದವರು ಮಗನ ನಗರದ ಮನೆಗೆ ಬಂದು ಮೂರನೆಯ ಮಹಡಿಯ ಕೋಣೆಯಲ್ಲಿ ಎದುರಿನ ಬೋಳು ಗೋಡೆಯನ್ನು ನೋಡುತ್ತ ಕುಳಿತಿರುತ್ತಾರೆ. ಚಿತ್ರವೊಂದು ಮನುಷ್ಯರ ಒಡನಾಟಕ್ಕೆ ಬದಲಾಗದೆಂಬುದು ನಿಜ. ಆದರೂ ಅವರ ಕುರ್ಚಿಯ ಎದುರಿಗೆ, ಕುಳಿತವರ ಕಣ್ಣಿನ ಮಟ್ಟಕ್ಕೆ, ಜನ ಓಡಾಡುವ ಇಂತಹ ಬೀದಿಯೊಂದು ಇರಲಿ. ಆ ಗಾಡಿ ಎಲ್ಲಿಗೆ ಹೊರಟಿದೆ, ಆ ಹೆಂಗಸು ಅಂಗಡಿಯ ಮುಂದೆ ಏಕೆ ನಿಂತಿದ್ದಾಳೆ ಎಂದು ಮೊಮ್ಮಕ್ಕಳು ಅಜ್ಜನನ್ನು ಕೇಳಲು ಅಷ್ಟು ನೆಪ ಸಾಕು. ಬಹುತೇಕ ಮನೆಗಳಲ್ಲಿ ನಿಂತವರ ತಲೆಯ ಮೇಲಕ್ಕೆ ಮೊಳೆ ಹೊಡೆಯುವ ರೂಢಿಯುಂಟು. ಅದು ಭಾವಚಿತ್ರಗಳಿಗೆ ಸಲ್ಲುತ್ತದೆ, ಬೀದಿಯ ಚಿತ್ರಗಳಿಗೆ ಸಲ್ಲದು.

ಪಿಸಾರೋ ಅವರ ಚಿತ್ರಗಳಲ್ಲಿ ಇನ್ನೊಂದು ಅನುಕೂಲವಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿರುವ ‘ಚಳಿಗಾಲದ ಮುಂಜಾವಿನಲ್ಲಿ ಬುಲ್ವಾರ್ ಮೊಂಮಾರ್ತ್ರ್’ ಸುಮಾರು 65 ಸೆಂಟಿಮೀಟರ್ ಎತ್ತರ, 81 ಸೆಂಟಿಮೀಟರ್ ಅಗಲದ್ದು. ಎಂದರೆ ಮೂಲದ ಅಳತೆಯಲ್ಲಿಯೇ ಮುದ್ರಿಸಿ ಸಾಮಾನ್ಯ ಮನೆಯ ಗೋಡೆಗೆ ಹಾಕಬಹುದು. ಅಂಗಡಿಗಳಲ್ಲಿ ಅತಿ ಹೆಚ್ಚು ಕಾಣುವ ಕೊಡೆಗಳ ಚಿತ್ರದ ಗತಿ ಹಾಗಲ್ಲ. ಗುಸ್ತಾವ್ ಕಾಯ್‌ಬೋತ್ 1877ರಲ್ಲಿ ಬರೆದ ಆ ‘ಪ್ಯಾರಿಸ್ ಬೀದಿ, ಮಳೆಯ ದಿನ’ ಶಿಕಾಗೊ ನಗರದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಎತ್ತರ ಸುಮಾರು ಏಳು ಅಡಿ, ಅಗಲ ಒಂಬತ್ತು ಅಡಿ. ಅದರ ಮುಂದೆ ನಿಂತರೆ ಎದುರು ಬರುವ ದಂಪತಿಗಳಿಗೆ ದಾರಿ ಬಿಡಬೇಕೆನಿಸುವಷ್ಟು ಆಳುಗಳು ದೊಡ್ಡವು. ವಿಚಿತ್ರವೆಂದರೆ ಬೀಳುವ ಹನಿ ಅದರಲ್ಲಿ ಎಲ್ಲಿಯೂ ಕಾಣದು. ಹೊಳೆಯುವ ಕಲ್ಲುಹಾಸೇ ಮಳೆಯನ್ನು ಹೇಳುತ್ತದೆ. ಇದನ್ನು ಒಂದಡಿಗೆ ಕುಗ್ಗಿಸಿದಾಗ ಆ ಕಲ್ಲುಹಾಸಿನ ಹೊಳಪು ಸತ್ತು, ಕ್ಯಾಲೆಂಡರಿನ ಚಿತ್ರವಷ್ಟೇ ಉಳಿಯುತ್ತದೆ. ದೊಡ್ಡ ಗೋಡೆಯಿಲ್ಲದವರು ಅದನ್ನು ಬಿಡುವುದೇ ಮೇಲು.

‘ಇವು ಕೇವಲ ಪ್ರತಿಗಳಲ್ಲವೇ’ ಎಂದು ಮೂಗು ಮುರಿಯುವವರುಂಟು. ಮೊನೆ 1883ರಿಂದ 1926ರಲ್ಲಿ ಕೊನೆಯುಸಿರೆಳೆಯುವವರೆಗೆ ವಾಸವಿದ್ದ ಜಿವೆರ್ನಿಯ ಮನೆಯಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳು ಇನ್ನೂರಕ್ಕೂ ಹೆಚ್ಚಿದ್ದವು. ಹಳದಿ ಬಣ್ಣದ ಊಟದ ಕೋಣೆಯ ಗೋಡೆಗಳ ತುಂಬ ಅವೇ. ಅಚ್ಚಿನ ಚಿತ್ರವೇ ಅವುಗಳ ಮೂಲರೂಪ ಎಂಬ ವ್ಯತ್ಯಾಸ ಅಲ್ಲಿ ಉಂಟು. ಆದರೆ ಕಾಗದದ ಮೇಲೆ ಮುದ್ರಿತವಾದುದು ಗೋಡೆಗೆ ಕೀಳೆಂದು ಆ ಮಹಾಕಲಾವಿದರು ಬಗೆಯಲಿಲ್ಲ. ಪ್ರತಿ ತನ್ನನ್ನು ಪ್ರತಿಯೆಂದು ಒಪ್ಪಿಕೊಂಡಿರಲಿ ಎಂಬುದಷ್ಟೇ ನಮ್ಮ ಮಾತು. ಮೇಲೆ ಪಾರದರ್ಶಕ ಅಂಟನ್ನು ಬಳಿದು ಕುಂಚದ ಗೀರುಗಳನ್ನು ನಟಿಸುವ ಕ್ಯಾನ್ವಾಸ್ ಪ್ರತಿಗಳು ಮಾರುಕಟ್ಟೆಯಲ್ಲಿವೆ. ಅವುಗಳ ಗೀರು ಒಂದು ಕಡೆ ಹೋದರೆ ಚಿತ್ರದ ಗೀರು ಇನ್ನೊಂದು ಕಡೆ ಹೋಗಿರುತ್ತದೆ. ಒಳ್ಳೆಯ ದಪ್ಪ ಕಾಗದದ ಸರಳ ಮುದ್ರಣ ಅದಕ್ಕಿಂತ ಎಷ್ಟೋ ವಾಸಿ.

ಹಕ್ಕುಸ್ವಾಮ್ಯದ ಅಂಜಿಕೆ ಬೇಡ. ನಮ್ಮ ದೇಶದಲ್ಲಿ ಚಿತ್ರಕಾರರು ತೀರಿಕೊಂಡು ಅರವತ್ತು ವರ್ಷಗಳಾದ ಮೇಲೆ ಅವರ ಕೃತಿಗಳು ಎಲ್ಲರ ಸ್ವತ್ತು. ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಿಂದಲೂ ಶಿಕಾಗೊ ಸಂಸ್ಥೆ 2018ರಿಂದಲೂ ಇಂತಹ ಹಳೆಯ ಕೃತಿಗಳ ದೊಡ್ಡ ಡಿಜಿಟಲ್ ಚಿತ್ರಗಳನ್ನು ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ನೀಡುತ್ತಿವೆ. ಎಲ್ಲಿಂದಲೋ ಸಿಕ್ಕ ಚಿತ್ರದಲ್ಲಿ ಬಣ್ಣ ಕೆಂಪಿಗೋ ಹಳದಿಗೋ ತಿರುಗಿರುವುದುಂಟು. ಸಂಗ್ರಹಾಲಯದ ಚಿತ್ರವನ್ನೇ ಮುದ್ರಣಾಲಯಕ್ಕೆ ಒಯ್ಯುವುದು ಒಳಿತು. 32 ಅಂಗುಲ ಅಗಲಕ್ಕೆ ಮುದ್ರಿಸಬೇಕಾದರೆ ಚಿತ್ರದ ಅಗಲದಲ್ಲಿ 4,800 ಪಿಕ್ಸೆಲ್ ಇದ್ದರೆ ಅಂಗುಲಕ್ಕೆ 150 ಬಿಂದುಗಳಾದವು. ದೂರದಿಂದ ನೋಡುವ ಚಿತ್ರಕ್ಕೆ ಅಷ್ಟು ಸಾಕು. ಬೇಗ ಬಣ್ಣಗೆಡದ ಪಿಗ್ಮೆಂಟ್ ಶಾಯಿಯಲ್ಲಿಯೇ ಮುದ್ರಿಸಬೇಕೆಂದು ಕೇಳಿ ಪಡೆಯಬೇಕು.

ಕಟ್ಟು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡಿನ ಅಂಚು ಇರಲಿ. ಇಲ್ಲವಾದರೆ ಮಳೆಗಾಲದಲ್ಲಿ ಕಾಗದ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯೂ, ಆಚೆ ಬದಿಯಲ್ಲಿ ಬಚ್ಚಲುಮನೆಯಿರುವ ಗೋಡೆಯೂ ಬೇಡ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಬಿರಟೆಯ ಚಿಕ್ಕ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಮಲೆನಾಡಿನ ಸೋದರಿಯರು ವರ್ಷಕ್ಕೊಮ್ಮೆಯಾದರೂ ಇಳಿಸಿ ಹಿಂಬದಿಯಲ್ಲಿ ಬೂಷ್ಟು, ಗೆದ್ದಲು ಇದೆಯೇ ಎಂದು ನೋಡಬೇಕು.

ನಗರದ ಬದುಕೆಂದರೆ ಬೀದಿಯೊಂದೇ ಅಲ್ಲ. ಕಾಯ್‌ಬೋತ್ ಅವರದೇ ‘ನೆಲ ಹೆರೆಯುವವರು’ ಎಂಬ 1875ರ ಚಿತ್ರದಲ್ಲಿ ಮೂವರು ಕೆಲಸಗಾರರು ಮಂಡಿಯೂರಿ ಹೊಸ ಮನೆಯ ಮರದ ನೆಲವನ್ನು ಹೆರೆಯುತ್ತಿದ್ದಾರೆ. ಕಿಟಕಿಯ ಬೆಳಕು ಅವರ ಬೆನ್ನಿನ ಮೇಲೆ ಬಿದ್ದಿದೆ. ಅಂದಿನ ಸರ್ಕಾರಿ ಪ್ರದರ್ಶನ ಅದನ್ನು ತಿರಸ್ಕರಿಸಿತು. ದುಡಿಮೆಯನ್ನು ಗೌರವಿಸುವ ಮನೆಗೆ ಇದು ಕೊಡೆಗಳ ಚಿತ್ರಕ್ಕಿಂತ ಒಪ್ಪುತ್ತದೆ. ಒಬ್ಬಂಟಿಯಾಗಿ ಬೀದಿಯಲ್ಲಿ ನಿಂತು ಬರೆಯುವ ಸ್ವಾತಂತ್ರ್ಯವಿಲ್ಲದ ಕಾಲದಲ್ಲಿ ಬೆರ್ತ್ ಮೊರಿಸೋ ಎಂಬ ಕಲಾವಿದೆ, ಮಹಡಿಯ ಕಟಾಂಜನದ ಬಳಿ ನಿಂತ ಹೆಣ್ಣುಮಗಳನ್ನೂ ಸರಳುಗಳ ನಡುವಿನಿಂದ ದೂರದ ಪ್ಯಾರಿಸ್ಸನ್ನು ನೋಡುವ ಮಗುವನ್ನೂ ಬರೆದರು. ಹೆಣ್ಣುಮಕ್ಕಳು ಓದುವ ಕೋಣೆಗೆ ನಾವು ಅದನ್ನು ಸೂಚಿಸುತ್ತೇವೆ. ಆ ಸರಳುಗಳ ಬಗ್ಗೆ ಅವರು ಕೇಳಿದರೆ ಉತ್ತರಿಸಲು ತಾಯಂದಿರು ಸಿದ್ಧರಿರಬೇಕು.

ಪಿಸಾರೋ ಅವರ ಹದಿನಾಲ್ಕು ಚಿತ್ರಗಳಲ್ಲಿ ರಾತ್ರಿಯದು ಒಂದೇ. ಮಳೆ ಬಂದು ನಿಂತಿದೆ. ನಡುಬೀದಿಯ ದೀಪಗಳು ತಣ್ಣಗೆ ಬೆಳ್ಳಗಿವೆ, ಅಂಗಡಿಗಳ ಬೆಳಕು ಬೆಚ್ಚಗಿನ ಹಳದಿ. ಸಾಲಾಗಿ ನಿಂತ ಗಾಡಿಗಳ ದೀಪಗಳು ಒದ್ದೆ ನೆಲದಲ್ಲಿ ಕರಗಿವೆ. ಹಗಲಿನ ಬೆಳಕು ಹೆಚ್ಚಾಗಿ ಬಾರದ ಮಲಗುವ ಕೋಣೆಗೆ ಇದು ಹೇಳಿಮಾಡಿಸಿದಂತಿದೆ. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಪಿಸಾರೋ ಅದಕ್ಕೆ ಸಹಿ ಹಾಕಲಿಲ್ಲ, ಬದುಕಿರುವವರೆಗೆ ಪ್ರದರ್ಶನಕ್ಕೂ ಇಡಲಿಲ್ಲ.