ಬಚ್ಚಲೊಲೆಯ ಹೊಗೆ, ಸೆಮಕಾವಿನ ಬೂದಿ

ಕಳೆದ ರಜೆಯಲ್ಲಿ ಸಿಂಗಾಪುರದ ತಂಗಿಯ ಮನೆಗೆ ಹೋಗಿದ್ದೆ. ಹತ್ತನೇ ಮಹಡಿಯ ಫ್ಲ್ಯಾಟ್. ಅಡುಗೆಮನೆಯ ಗೋಡೆಯಲ್ಲೇ ಕಸ ಹಾಕುವ ಕಿಂಡಿ. ಚೀಲ ಹಾಕಿ ಮುಚ್ಚಿದರೆ ಮುಗಿಯಿತು.

"ಇದೆಲ್ಲ ಎಲ್ಲಿಗೆ ಹೋಗುತ್ತದೆ?" ಎಂದೆ.

"ಸುಡುತ್ತಾರಣ್ಣ" ಎಂದಳು.

ನನಗೆ ಕೂಡಲೇ ನೆನಪಾದದ್ದು ಊರಿನ ಬಚ್ಚಲೊಲೆ. ತೆಂಗಿನ ಮಡಲು, ಗೆರಟೆಯ ಜೊತೆ ಹಾಲಿನ ತೊಟ್ಟೆ, ಅಪ್ಪನ ಮಾತ್ರೆಗಳ ಖಾಲಿ ಸ್ಟ್ರಿಪ್ಪು, ಎಲ್ಲವೂ ಅದರೊಳಗೆ. ಬೂದಿ ಬಸಳೆಯ ಬುಡಕ್ಕೆ. ಆಸ್ಪತ್ರೆಯಲ್ಲಿ ಅವಧಿ ಮೀರಿದ ಒಂದು ಮಾತ್ರೆಯನ್ನೂ ಲೆಕ್ಕ ಬರೆಯದೆ ಎಸೆಯದ ನಾನು, ರಜೆಗೆ ಹೋದಾಗ ಅದೇ ಒಲೆಗೆ ಪ್ಲಾಸ್ಟಿಕ್ಕಿನಿಂದಲೇ ಬೆಂಕಿ ಹೊತ್ತಿಸಿದವನು.

ಜಾಗವಿಲ್ಲದ ಸಿಂಗಾಪುರ 1979ರಲ್ಲಿ ಉಲು ಪಾಂಡಾನಿನಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ ಮೊದಲ ಸ್ಥಾವರ ಕಟ್ಟಿತು. ಈಗ ಅಲ್ಲಿನ ಸ್ಥಾವರಗಳಲ್ಲಿ 850ರಿಂದ 1,000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಸ ಉರಿಯುತ್ತದೆ. ಹೊಗೆಯ ಆಮ್ಲವನ್ನು ಸುಣ್ಣದ ಪುಡಿಯಿಂದ ಇಳಿಸಿ, ದೂಳನ್ನು ಫಿಲ್ಟರ್‌ಗಳಲ್ಲಿ ಹಿಡಿದ ಮೇಲೆಯೇ ಚಿಮಣಿಗೆ ಬಿಡುತ್ತಾರೆ.

ಇಷ್ಟೆಲ್ಲ ಯಾಕೆ? ಕ್ಲೋರಿನ್ ಇರುವ ವಸ್ತು ಕಡಿಮೆ ಶಾಖದಲ್ಲಿ ಅರ್ಧಂಬರ್ಧ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದರಲ್ಲಿ ಅತಿ ವಿಷಕಾರಿಯಾದುದನ್ನು ಕ್ಯಾನ್ಸರ್ ತರುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಸಾರಿದೆ. ಅದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ದೇಹದಲ್ಲಿ ಅರ್ಧದಷ್ಟು ಕಡಿಮೆಯಾಗಲು 7ರಿಂದ 11 ವರ್ಷ ಬೇಕು. ಹೆಚ್ಚಾಗಿ ನಮ್ಮೊಳಗೆ ಬರುವುದು ಉಸಿರಿನಿಂದಲ್ಲ, ಹಾಲು, ಮೀನು, ಮಾಂಸ, ಮೊಟ್ಟೆಯಿಂದ. ಬೂದಿ ಬಿದ್ದ ಮಣ್ಣನ್ನು ಕೆದಕಿ ತಿನ್ನುವುದು ನಮ್ಮದೇ ಕೋಳಿ ತಾನೆ?

ಮಾತ್ರೆಯ ಸ್ಟ್ರಿಪ್ಪಿನ ಪಾರದರ್ಶಕ ಭಾಗ ಬಹಳ ಸಲ ಪಿವಿಸಿ. ಅದರಲ್ಲೂ ಕ್ಲೋರಿನ್ ಇದೆ. ಬಚ್ಚಲೊಲೆಗೆ ಆ ಶಾಖವೂ ಇಲ್ಲ, ಫಿಲ್ಟರೂ ಇಲ್ಲ.

ಅಷ್ಟು ಜಾಗ್ರತೆಯಿಂದ ಸುಟ್ಟರೂ ಕಸ ಮಾಯವಾಗುವುದಿಲ್ಲ. ಗಾತ್ರದಲ್ಲಿ ಸುಮಾರು ಶೇಕಡಾ 90 ಇಳಿಯುತ್ತದೆ, ಬೂದಿ ಉಳಿಯುತ್ತದೆ. ಅದು ದೋಣಿಯಲ್ಲಿ ಸೆಮಕಾವ್ ದ್ವೀಪಕ್ಕೆ ಹೋಗುತ್ತದೆ. ವಿಷ ಕಡಲಿಗೆ ಸೋರದಂತೆ ಅದರ ಸುತ್ತ ಕಲ್ಲಿನ ಒಡ್ಡು, ಒಳಗೆ ನೀರು ಬಿಡದ ಹಾಳೆ, ಜೇಡಿಮಣ್ಣು. 1999ರಲ್ಲಿ ಶುರುವಾದ ಅದೂ 2035ರ ಹೊತ್ತಿಗೆ ತುಂಬಲಿದೆಯಂತೆ. ಅವರು ಒಡ್ಡು ಕಟ್ಟಿ ಕಾಯುವ ಬೂದಿಯ ಹತ್ತಿರದ ನೆಂಟನನ್ನು ನಾವು ಬಸಳೆಗೆ ಹಾಕುತ್ತಿದ್ದೆವು.

ಅಂದೇ ಅಮ್ಮನಿಗೆ ಫೋನ್ ಮಾಡಿದೆ.

"ಸಣ್ಣಂದಿನಿಂದ ಸುಡ್ತಾ ಇದ್ದೇವೆ, ಏನಾಗಿದೆ?"

"ಆಗ ಒಲೆಗೆ ಹಾಕುತ್ತಿದ್ದದ್ದು ಗರಿ, ಗೆರಟೆ ಮಾತ್ರ ಅಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪಂಚಾಯತಿನ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ" ಅಂದಳು. ಅದೂ ನಿಜವೇ. ಗಾಡಿ ಬರುವವರೆಗೆ ತೊಳೆದು, ಒಣಗಿಸಿ ಇಡೋಣ ಎಂದೆ.

ಈ ಸಲ ಊರಿಗೆ ಹೋದಾಗ ಬಚ್ಚಲಿನ ಗೋಡೆಗೆ ಒಂದು ಗೋಣಿಚೀಲ ತೂಗುತ್ತಿತ್ತು. ತುಂಬಾ ಸ್ಟ್ರಿಪ್ಪು, ತೊಟ್ಟೆ. ಒಲೆಯಲ್ಲಿ ಬರೀ ಗೆರಟೆ. ಊರಿಗೆ ಫೋನ್ ಮಾಡುವಾಗ ನೀವೂ ಒಮ್ಮೆ ಕೇಳಿ: ಒಲೆಗೆ ಏನು ಹಾಕುತ್ತೀರಿ?