ಒಲೆಯ ಮುಂದೆ ಕಲಿತ ಅಕ್ಷರ

ದುಃಖ ಬಂದಾಗ ನಾವು ಕೆಲಸದಲ್ಲಿ ಮನಸ್ಸು ಇಡ್ತೀವಿ. ಗೆಳತಿಯ ಹತ್ತಿರ ಹೇಳಿಕೊಳ್ತೀವಿ. ಓದಿನಿಂದಲೂ ಸಮಾಧಾನ ಸಿಗುತ್ತದೆ.

ರಾಸಸುಂದರಿ ದೇವಿ ಬಂಗಾಳದವರು. ಹುಟ್ಟಿದ್ದು ಸುಮಾರು 1810ರಲ್ಲಿ. 12ನೇ ವಯಸ್ಸಿಗೆ ಮದುವೆ. ಹೆಂಗಸು ಓದಿದರೆ ಗಂಡ ಸಾಯ್ತಾನೆ ಅಂತ ಆಗ ಹೆದರಿಸುತ್ತಿದ್ದರು. ಎಂಥ ಮಾತು!

ಮನೆ ತುಂಬ ಕೆಲಸ. ಉಣ್ಣಲೂ ಬಿಡುವಿಲ್ಲ. ಆದರೂ ಪುಸ್ತಕದ ಒಂದು ಹಾಳೆ, ಮಗ ಬರೆದ ಒಂದು ತಾಳೆಗರಿ ತಂದು ಅಡುಗೆಮನೆಯಲ್ಲಿ ಬಚ್ಚಿಟ್ಟರು. ಅಡುಗೆ ಮಾಡ್ತಾ ಮಾಡ್ತಾ ಎರಡನ್ನೂ ಹೋಲಿಸಿ ನೋಡಿದರು. ಒಂದೊಂದೇ ಅಕ್ಷರ ಗುರುತು ಸಿಕ್ಕಿತು.

ನಾದಿನಿಯರಿಗೆ ಗೊತ್ತಾಯಿತು. ಅವರು ಬೈಯಲಿಲ್ಲ, ಖುಷಿಪಟ್ಟರು. ತಾವೂ ಜೊತೆಗೆ ಕೂತರು.

12 ಮಕ್ಕಳಲ್ಲಿ 7 ಮಕ್ಕಳು ತೀರಿಕೊಂಡರು. ಆ ನೋವು ಹೋಗುವಂಥದ್ದಲ್ಲ. ಆದರೆ ಓದು ಅವರ ಕೈ ಬಿಡಲಿಲ್ಲ. ಮುಂದೆ ತಮ್ಮ ಕತೆಯನ್ನು ತಾವೇ ಬರೆದರು. ಬಂಗಾಳಿಯಲ್ಲಿ ಅದೇ ಮೊದಲ ಆತ್ಮಕಥೆ. ಹೆಸರು 'ಆಮಾರ್ ಜೀಬನ್'. ಅಂದರೆ 'ನನ್ನ ಬದುಕು'.